ಏಳನೇ ತಿಂಗಳು, ಹಿಮೋಗ್ಲೋಬಿನ್ 8.6, ಹೆರಿಗೆಗೆ ತವರಿಗೆ ಕಳಿಸಬೇಕು. ಏನೇನು ನೋಡಿಕೊಳ್ಳಬೇಕು?

ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ನೀವು ಕೇಳಿದ್ದು ಮೊದಲನೇ ಹೆರಿಗೆ, ಸೀಮಂತ ಮುಗಿಸಿ ಹೆಂಡತಿಯನ್ನು ಹಳ್ಳಿಯ ತವರಿಗೆ ಕಳಿಸುವ ವಿಷಯ. ಎಲ್ಲರೂ ಹೆರಿಗೆಯ ದಿನಕ್ಕೆ ಹೆದರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಆಗುವುದು ಅದಾದ ಮೇಲಿನ ದಿನಗಳದ್ದು. ಮಗು ಕೈಗೆ ಬಂತೋ, ಮನೆಯವರ ಕಣ್ಣೆಲ್ಲ ಅದರ ಮೇಲೆ.

ಮೊದಲು ರಕ್ತ. ಗರ್ಭಿಣಿಗೆ ಹಿಮೋಗ್ಲೋಬಿನ್ ಕನಿಷ್ಠ 11 ಇರಬೇಕು. 8.6 ಇದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು. ಏರದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಡಬಹುದಾ ಅಂತ ಡಾಕ್ಟರನ್ನು ನೀವೇ ಕೇಳಿ, ಸುಮ್ನೆ ಕಾಯಬೇಡಿ. ಮಾತ್ರೆಯನ್ನು ಕಾಫಿ, ಟೀ ಜೊತೆ ತಗೊಳ್ಳಬಾರದು, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ಮಲ ಕಪ್ಪಗಾಗುತ್ತದೆ, ಅದು ಸಹಜ, ಆದರೆ ಅದನ್ನು ನೋಡಿ ಗಾಬರಿಯಾಗಿ ಮಾತ್ರೆ ಬಿಡುವವರೇ ಬಹಳ. ಹೆರಿಗೆಯಲ್ಲಿ ಯಾರಿಗಾದರೂ ರಕ್ತ ಹೋಗುತ್ತದೆ. 11 ಇದ್ದವಳು ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನು 8 ಇದ್ದವಳು ತಡೆದುಕೊಳ್ಳಲಾರಳು.

ತವರಿಗೆ ಹೋಗುವಾಗ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು ಎಲ್ಲಾ ಅವರ ಬ್ಯಾಗಿನಲ್ಲೇ ಇರಲಿ. ನಡುರಾತ್ರಿ ನೋವು ಬಂದು ಬರುತ್ತಾರೆ, ಕಾರ್ಡ್ ಗಂಡನ ಮನೆ ಬೀರುವಿನಲ್ಲಿ! ರಕ್ತದ ಗುಂಪು, ಹಿಂದಿನ ಬಿಪಿ ಎಲ್ಲಾ ಅದರಲ್ಲೇ ಇರುತ್ತದೆ. ತವರಿಗೆ ಹೋದ ಮೊದಲ ವಾರದಲ್ಲೇ ಆ ಊರಿನ ಆಶಾ ಕಾರ್ಯಕರ್ತೆಯನ್ನು ಭೇಟಿ ಮಾಡಿಸಿ, ಇಲ್ಲದಿದ್ದರೆ ಎರಡೂ ಊರಿನವರು ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ರಾತ್ರಿ ಹೊತ್ತು ಸಿಸೇರಿಯನ್ ಮಾಡುವ, ರಕ್ತ ಸಿಗುವ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿಡಿ. 108 ಹೇಗೂ ಇದೆ.

ಹೆರಿಗೆ ಸಲೀಸಾಗಿ ಆದರೂ 48 ಗಂಟೆ ಆಸ್ಪತ್ರೆ ಬಿಡಬೇಡಿ. "ನಾರ್ಮಲ್ ಅಲ್ವಾ, ನಾಳೆ ಬೆಳಿಗ್ಗೆ ಕಳಿಸಿಬಿಡಿ" ಅಂತ ಹಟ ಮಾಡುವ ಮನೆಯವರನ್ನು ದಿನಾ ನೋಡುತ್ತೇನೆ. ಮೊದಲ ಎರಡು ಗಂಟೆ ನಾವು ಮತ್ತೆ ಮತ್ತೆ ಬಂದು ಹೊಟ್ಟೆ ಒತ್ತಿ ನೋಡುತ್ತೇವೆ. ಹೊಕ್ಕುಳ ಹತ್ತಿರ ಗರ್ಭಕೋಶ ತೆಂಗಿನಕಾಯಿ ಹಾಗೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದರೆ ಒಳಗೆ ರಕ್ತ ನಿಲ್ಲುತ್ತಿಲ್ಲ ಅಂತ ಅನುಮಾನ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಎದ್ದು ಕೂತರೆ ಕಣ್ಣು ಕತ್ತಲೆ ಬಂದರೆ ಕೂಡಲೇ ಕೂಗಿ. ಮನೆಗೆ ಹೋದ ಮೇಲೂ ಬಿಡದ ತಲೆನೋವು, ಕಣ್ಣು ಮಂಜು, ಜ್ವರ, ವಾಸನೆಯ ಸ್ರಾವ, ಒಂದೇ ಕಾಲು ಊದುವುದು, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೇ ಬನ್ನಿ. ಗರ್ಭಿಣಿಯಾಗಿದ್ದಾಗ ಬಿಪಿ ಸರಿಯಿದ್ದವರಿಗೂ ಹೆರಿಗೆಯಾದ ಮೇಲೆ ಏರಿ ಫಿಟ್ಸ್ ಬರಬಹುದು.

ಇನ್ನು ಬಾಣಂತನ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ತರಕಾರಿ ನಂಜು ಅಂತ ಬರೀ ಅನ್ನ, ಮೆಣಸಿನ ಸಾರಿನಲ್ಲಿ ಇಟ್ಟುಬಿಡುತ್ತಾರೆ. ಬಾಣಂತಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಹಾಗಿರುತ್ತದೆ, ನೀರೂ ಇಲ್ಲದಿದ್ದರೆ ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟುವ ಅಪಾಯ ಹೆಚ್ಚು. ನಿಮ್ಮ ಅತ್ತೆಯವರ ಜೊತೆ ಜಗಳ ಬೇಡ. ಎಣ್ಣೆ ತಿಕ್ಕಲಿ, ಬಿಸಿನೀರು ಹುಯ್ಯಲಿ. ಜೀರಿಗೆ ಹಾಕಿ ಕುದಿಸಿದ ನೀರು ಫ್ಲಾಸ್ಕಿನಲ್ಲಿ ಪಕ್ಕದಲ್ಲೇ ಇರಲಿ, ಬೇಳೆ, ಸೊಪ್ಪು, ಮೊಟ್ಟೆ ಕೊಡಲಿ ಅಂತ ಈಗಲೇ ಮಾತಾಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಮಾತ್ರ ಖಂಡಿತ ಬೇಡ. ಕಬ್ಬಿಣಾಂಶದ ಮಾತ್ರೆ ಹೆರಿಗೆ ನಂತರ 180 ದಿನ ಮುಂದುವರಿಯಬೇಕು.

ಮಗು ಮಲಗಿದರೂ ತಾಯಿಗೆ ನಿದ್ದೆ ಬರುತ್ತಿಲ್ಲ, ಎರಡು ವಾರ ಆದರೂ ಅಳು ನಿಂತಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಅಸಂಬದ್ಧ ಮಾತಾಡುತ್ತಿದ್ದರೆ ಅವತ್ತೇ ತೋರಿಸಿ. ತಾಯತ ಕಟ್ಟಿಸಿ ದಿನ ಕಳೆಯಬೇಡಿ, ಬಾಣಂತಿ ಸನ್ನಿಗೆ ಔಷಧಿ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನೀವೂ ಆಗಾಗ ಹೋಗಿ ಪಕ್ಕದಲ್ಲಿ ಕೂತು ಬನ್ನಿ, ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ.