ಸರ್ವೋಗಳು ಒಟ್ಟಿಗೆ ತಿರುಗಿದಾಗ ಆರ್ಡುಯಿನೋ ಏಕೆ ರೀಸೆಟ್ ಆಗುತ್ತದೆ?

ಹಲವು ಸರ್ವೋಗಳಿಗೆ ಸಿಗ್ನಲ್ ಕೊಡುವ ಪಿಸಿಎ9685 ಬೋರ್ಡಿಗೆ ಜೋಡಿಸಿದ ಆರು ಎಂಜಿ996ಆರ್ ಸರ್ವೋಗಳು (ಹೇಳಿದ ಕೋನಕ್ಕೆ ತಿರುಗುವ ಮೋಟಾರುಗಳು) ಒಂದೊಂದಾಗಿ ಸರಿಯಾಗಿ ತಿರುಗುತ್ತವೆ, ಆದರೆ ಒಟ್ಟಿಗೆ ತಿರುಗಿಸಿದರೆ ರೋಬೋ ತೋಳು ಅದುರಿ, ಅದನ್ನು ನಡೆಸುವ ಪುಟ್ಟ ಕಂಟ್ರೋಲರ್ ಬೋರ್ಡಾದ ಆರ್ಡುಯಿನೋ ರೀಸೆಟ್ ಆಗುತ್ತದೆ ಎಂದು ಕೇಳಿದ್ದೀರಿ. ಈ ಲಕ್ಷಣ ಪ್ರೋಗ್ರಾಮಿನ ತಪ್ಪಿಗಿಂತ ಹೆಚ್ಚಾಗಿ ವೋಲ್ಟೇಜ್ ಕುಸಿತವನ್ನು ಸೂಚಿಸುತ್ತದೆ.

ಈ ಸರ್ವೋ ಭಾರಕ್ಕೆ ಸಿಕ್ಕಿ ತಿರುಗಲಾರದೆ ನಿಂತರೆ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಚಲನೆ ಆರಂಭವಾಗುವ ಕ್ಷಣದಲ್ಲೂ ಬೇಡಿಕೆ ಅದರ ಹತ್ತಿರಕ್ಕೆ ಏರುತ್ತದೆ. ಆರಕ್ಕೆ ಲೆಕ್ಕ ಹಾಕಿದರೆ 15 ಆಂಪಿಯರ್, ಆದರೆ ಆರ್ಡುಯಿನೋ ಊನೋ ಬೋರ್ಡಿನ ಯುಎಸ್‌ಬಿ ಫ್ಯೂಸ್ ಇರುವುದು 500 ಮಿಲಿಆಂಪಿಯರಿಗೆ. ಆದ್ದರಿಂದ ಪಿಸಿಎ9685 ಬೋರ್ಡಿನ ವಿಸಿಸಿ ಪಿನ್ನಿಗೆ (ಅದರ ಚಿಪ್ಪಿಗೆ ವಿದ್ಯುತ್ ಕೊಡುವ ಪಿನ್) ಮಾತ್ರ ಆರ್ಡುಯಿನೋದ 5 ವೋಲ್ಟ್ ಕೊಟ್ಟು, ಸರ್ವೋಗಳಿಗೆ ಅದೇ ಬೋರ್ಡಿನ ಸ್ಕ್ರೂ ಟರ್ಮಿನಲ್ ಮೂಲಕ ಪ್ರತ್ಯೇಕ ಸಪ್ಲೈ ಕೊಡಿ. ಆರ್ಡುಯಿನೋ ಮತ್ತು ಈ ಸಪ್ಲೈ ಎರಡರ ಗ್ರೌಂಡ್ (ಮೈನಸ್ ತಂತಿ) ಕೂಡಿರಲೇಬೇಕು, ಇಲ್ಲವಾದರೆ ಸಿಗ್ನಲ್ಲಿಗೆ ಆಧಾರವೇ ಇರುವುದಿಲ್ಲ.

ಸಪ್ಲೈ ದೊಡ್ಡದಿದ್ದೂ ತೊಂದರೆ ಉಳಿದರೆ ತಂತಿಯನ್ನು ಅನುಮಾನಿಸಿ. ತೋಳು ಭಾರ ಹಿಡಿದಿರುವಾಗ ಸಪ್ಲೈಯ ತುದಿಯಲ್ಲೂ ಸ್ಕ್ರೂ ಟರ್ಮಿನಲ್ಲಿನಲ್ಲೂ ಮಲ್ಟಿಮೀಟರ್ ಇಟ್ಟು ನೋಡಿ: ಅಲ್ಲಿ 6 ಇದ್ದು ಇಲ್ಲಿ 5 ಇದ್ದರೆ, ನಡುವಿನ ಒಂದು ವೋಲ್ಟನ್ನು ತೆಳುವಾದ ಜಂಪರ್ ತಂತಿಯೇ ನುಂಗಿರುತ್ತದೆ, ಮುಟ್ಟಿದರೆ ಬೆಚ್ಚಗೂ ಇರುತ್ತದೆ. ಕ್ಷಣಮಾತ್ರದ ಕುಸಿತ ಮಲ್ಟಿಮೀಟರಿಗೆ ಕಾಣುವುದಿಲ್ಲ. ಅದಕ್ಕೆ ಟರ್ಮಿನಲ್ಲಿನ ಬಳಿ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಧ್ರುವ ನೋಡಿ ಹಾಕಿ, ಸರ್ವೋಗಳನ್ನು ಸ್ವಲ್ಪ ಸ್ವಲ್ಪ ಅಂತರದಲ್ಲಿ ಚಾಲೂ ಮಾಡಿ.