ಮೇಷ್ಟ್ರನ್ನು ಕೇಳಿ: ಜಾತ್ರೆಯಲ್ಲಿ ಕೊಂಡ ಹಸಿರು ಲೇಸರು

ಪ್ರಶ್ನೆ: ಮೇಷ್ಟ್ರೇ, ಎಂಟನೇ ಕ್ಲಾಸಿನ ನನ್ನ ಮಗ ಜಾತ್ರೆಯಲ್ಲಿ ನೂರೈವತ್ತು ರೂಪಾಯಿ ಕೊಟ್ಟು ಹಸಿರು ಲೇಸರ್ ಲೈಟು ತಂದಿದ್ದಾನೆ. ಕೆಂಪಿನದೊಂದು ಮೊದಲೇ ಇತ್ತು. ಹಸಿರಿನದು ರಾತ್ರಿ ಊರಾಚೆಯ ನೀರಿನ ಟ್ಯಾಂಕ್ ಮುಟ್ಟುತ್ತದೆ. ‘5 ಮಿಲಿವ್ಯಾಟ್‌ಗಿಂತ ಕಡಿಮೆ’ ಎಂಬ ಚೀಟಿಯೇನೋ ಇದೆ. ಕಸಿದು ಎಸೆಯಲೇ? – ಒಬ್ಬ ತಾಯಿ, ತಿಪಟೂರು

ಉತ್ತರ: ಕೆಂಪಿನದು ಅವನ ಹತ್ತಿರ ಇರಲಿ. ಹಸಿರಿನದು ನಿಮ್ಮ ಬೀರುವಿನಲ್ಲಿರಲಿ, ಸೆಲ್ ಬೇರೆ ಕಡೆ.

ಕೆಂಪು ಲೇಸರಿನಲ್ಲಿ ಮುಚ್ಚುಮರೆ ಕಡಿಮೆ. ಒಂದು ಡಯೋಡು, ಒಂದು ಪ್ಲಾಸ್ಟಿಕ್ ಮಸೂರ, ಮೂರು ಬಟನ್ ಸೆಲ್ಲು. ಬೆಳಕು ಹುಟ್ಟುವಾಗಲೇ ಕೆಂಪು, ತರಂಗಾಂತರ ಸುಮಾರು 650 ನ್ಯಾನೊಮೀಟರ್. ಹಸಿರಿನದು ಹಾಗಲ್ಲ. ಈ ಅಗ್ಗದ ಪೆನ್ನುಗಳ ಡಯೋಡು ಸಾಮಾನ್ಯವಾಗಿ ಕೊಡುವುದು ಕಣ್ಣಿಗೆ ಕಾಣದ 808ರ ಅವಕೆಂಪು. ಅದು ಒಂದು ಹರಳಿಗೆ ಬಿದ್ದು 1064 ಆಗುತ್ತದೆ, ಅದೂ ಕಾಣದು. ಎರಡನೇ ಹರಳು ಅದನ್ನು ಅರ್ಧಕ್ಕಿಳಿಸಿದಾಗ 532ರ ಹಸಿರು. ಉಳಿದ ಅವಕೆಂಪನ್ನು ತಡೆಯಲು ತುದಿಯಲ್ಲಿ ಒಂದು ಸಣ್ಣ ಫಿಲ್ಟರ್ ಬೇಕು. ನೂರೈವತ್ತು ರೂಪಾಯಿಯ ಪೆನ್ನಿನಲ್ಲಿ ಕಾಸು ಉಳಿಸುವವನು ಕೈಹಾಕುವುದು ಅದಕ್ಕೇ, ಏಕೆಂದರೆ ಅದಿಲ್ಲದಿದ್ದರೂ ಹಸಿರು ಚುಕ್ಕೆ ಬೀಳುತ್ತದೆ!

ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿಯವರು 2010ರಲ್ಲಿ ಇಂಥದ್ದೊಂದನ್ನು ಅಳೆದರು. 10 ಮಿಲಿವ್ಯಾಟ್ ಎಂದು ಬರೆದಿದ್ದ ಆ ಪೆನ್ನು ಹಸಿರಿಗಿಂತ ಹೆಚ್ಚು, 20ರ ಹತ್ತಿರ, ಅವಕೆಂಪನ್ನೇ ಉಗುಳುತ್ತಿತ್ತು. 2013ರಲ್ಲಿ 122 ಪಾಯಿಂಟರ್ ಅಳೆದಾಗ ಹಸಿರಿನಲ್ಲಿ ಸುಮಾರು 90 ಶೇಕಡಾ, ಕೆಂಪಿನಲ್ಲಿ 44 ಶೇಕಡಾ ಅಲ್ಲಿನ ನಿಯಮ ಮೀರಿದ್ದವು. ಕೆಂಪೂ ಪೂರ್ತಿ ಸಾಧು ಅಲ್ಲ, ಗಮನಿಸಿ. ನಿಮ್ಮ ಚೀಟಿಗೆ ನಾನು ಬೆಲೆ ಕೊಡದಿರುವುದು ಇದಕ್ಕೇ.

ಕಾಣುವ ಬೆಳಕು ಕಣ್ಣಿಗೆ ಹೊಡೆದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚುತ್ತದೆ. 1 ಮಿಲಿವ್ಯಾಟ್ ಒಳಗಿನದಾದರೆ ಅಷ್ಟು ಸಾಕು. ಅವಕೆಂಪಿಗೆ ರೆಪ್ಪೆ ಮಿಸುಕುವುದೇ ಇಲ್ಲ. ಅಕ್ಷಿಪಟಲಕ್ಕೆ ನೋವೂ ತಿಳಿಯದು. ಸುಟ್ಟದ್ದು ಗೊತ್ತಾಗುವುದು ಓದುವಾಗ ನಡುವಿನ ಅಕ್ಷರ ಕಾಣದಿದ್ದಾಗ.

ಎದುರಿಗಿರುವವರ ಮುಖಕ್ಕೆ ಬಿಡಬಾರದು ಎಂದು ಎಲ್ಲರೂ ಹೇಳುತ್ತಾರೆ. ನಾನು ಕಲಿತದ್ದು ಇನ್ನೂ ಒಂದು. ಒಮ್ಮೆ ತರಗತಿಯಲ್ಲಿ ಗೋಡೆಗೆ ಬಿಟ್ಟೆನೆಂದುಕೊಂಡದ್ದು ಗಾಜಿನ ಬಾಗಿಲ ಕಪಾಟಿಗೆ ತಾಗಿ ತಿರುಗಿ ಬಂದು, ಮೂರನೇ ಬೆಂಚಿನ ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದ. ಕೆಂಪಿನದಾದ್ದರಿಂದ ಬಚಾವು. ಅಂದಿನಿಂದ ಮೊದಲು ಕಪಾಟಿಗೆ ಟವೆಲು, ಆಮೇಲೆ ಪಾಠ.

ಕೆಂಪಿನದನ್ನು ಏನು ಮಾಡುವುದು ಅಂತೀರಾ? ನಿಮ್ಮ ತಲೆಯ ಒಂದು ಕೂದಲು ಕಿತ್ತು ಅದರ ಮೂತಿಗೆ ಅಡ್ಡವಾಗಿ ಟೇಪ್ ಹಾಕಿ ಅಂಟಿಸಲಿ. ಕತ್ತಲ ಕೋಣೆಯಲ್ಲಿ 2 ಮೀಟರ್ ದೂರದ ಗೋಡೆಗೆ ಬಿಟ್ಟರೆ ಒಂದು ಚುಕ್ಕೆಯ ಬದಲು ಚುಕ್ಕೆಗಳ ಸಾಲು ಕಾಣುತ್ತದೆ. ನಡುಮಧ್ಯದಿಂದ ಮೊದಲ ಕಪ್ಪು ಜಾಗಕ್ಕೆ ಸ್ಕೇಲ್ ಹಿಡಿಯಲಿ. 2 ಸೆಂಟಿಮೀಟರ್ ಬಂದರೆ ಕೂದಲ ದಪ್ಪ 0.065 ಮಿಲಿಮೀಟರ್. 650 ನ್ಯಾನೊಮೀಟರನ್ನು ದೂರದಿಂದ ಗುಣಿಸಿ, ಅಳೆದದ್ದರಿಂದ ಭಾಗಿಸಿದರೆ ಆಯಿತು. ಅಪ್ಪನ ಮೀಸೆಯನ್ನೂ ಅಳೆಯಲಿ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದಕ್ಕೆ ಬೀಗ ಹಾಕಿದ ಪೆಟ್ಟಿಗೆಯ ಉಪಕರಣ ಬೇಕಿತ್ತು.

ಪ್ರಶ್ನೆ: ತಾರಸಿಯಲ್ಲಿ ಮಕ್ಕಳಿಗೆ ನಕ್ಷತ್ರ ತೋರಿಸಲು ಹಸಿರೇ ಬೇಕಲ್ಲವೇ? – ದೊಡ್ಡಬಳ್ಳಾಪುರ

ಉತ್ತರ: ಒಪ್ಪಿದೆ. ಅರುಂಧತಿಯನ್ನು ತೋರಿಸಲು ಪುರೋಹಿತರ ಬೆರಳಿಗಿಂತ ಅದೇ ಮೇಲು. ಕೆಂಪಿಗಿಂತ ನಮ್ಮ ಕಣ್ಣಿಗೆ ಸುಮಾರು ಎಂಟು ಪಟ್ಟು ಹೊಳಪಾಗಿ ಕಾಣುವುದರಿಂದ ಅದರ ಗೆರೆ ಗಾಳಿಯಲ್ಲೇ ನಿಲ್ಲುತ್ತದೆ. ಆದರೆ ನಿಮ್ಮ ಪಕ್ಕದಲ್ಲೇ ದೇವನಹಳ್ಳಿ. ಕೈಯಲ್ಲಿ ಚುಕ್ಕೆಯಾದದ್ದು ಒಂದು ಕಿಲೋಮೀಟರ್ ಮೇಲೆ ಮೀಟರ್ ಅಗಲ ಆಗಿರುತ್ತದೆ. ಇಳಿಯುತ್ತಿರುವ ವಿಮಾನದ ಗಾಜಿಗೆ ತಾಗಿದರೆ ಪೈಲಟ್‌ಗೆ ರನ್‌ವೇ ಬದಲು ಹಸಿರು ಪರದೆ. ನಿಮ್ಮ ತಾರಸಿಯಲ್ಲಿ ಬೇಡ. ನಕ್ಷತ್ರಪಟದ ಮೇಲೆ ತೋರಿಸಿ, ಆಮೇಲೆ ಹೊರಗೆ ಕರೆತನ್ನಿ.

ಪ್ರಶ್ನೆ: ಬೆಕ್ಕು ಲೇಸರ್ ಚುಕ್ಕೆಯ ಹಿಂದೆ ಓಡುತ್ತದೆ. ಆಡಿಸಬಹುದೇ? – ಸಾಗರ

ಉತ್ತರ: ಕೆಂಪಿನದಾದರೆ, ನೆಲದ ಮೇಲೆ ಮಾತ್ರ, ಗ್ರಾನೈಟ್ ಹೊಳೆಯುತ್ತಿದ್ದರೆ ಅದೂ ಬೇಡ. ಕೊನೆಗೆ ಚುಕ್ಕೆಯನ್ನು ಒಂದು ಒಣಮೀನಿನ ತುಂಡಿನ ಮೇಲೆ ನಿಲ್ಲಿಸಿ. ಅರ್ಧ ಗಂಟೆ ಓಡಿಸಿ ಬರಿಗೈಲಿ ಕಳಿಸಿದರೆ ನಮ್ಮನೆಯ ಬೆಕ್ಕು ರಾತ್ರಿಯೆಲ್ಲ ಗೋಡೆ ಕೆರೆಯುತ್ತಿತ್ತು.