11 ವರ್ಷಗಳ ಕೆಲಸ, 45 ನಿಮಿಷಗಳ ತೀರ್ಪು

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸ. ಅವರು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂಬ ದೂರಿನೊಂದಿಗೆ. ಪ್ರೋಗ್ರಾಮರ್ ಆಗಿ 11 ವರ್ಷ ದುಡಿದವರು. ಕಂಪನಿ ಒಂದು ವಿಭಾಗವನ್ನೇ ಮುಚ್ಚಿದ್ದರಿಂದ ಕೆಲಸ ಹೋಗಿತ್ತು. ಅದನ್ನು ಅವರು ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದೆ ಹೋದದ್ದು ಆಮೇಲಿನ ಸಂದರ್ಶನಗಳನ್ನು. ಒಂದರ ಹಿಂದೊಂದು ಕಡೆ ತಾಂತ್ರಿಕ ಸುತ್ತಿನಲ್ಲೇ ತಿರಸ್ಕೃತರಾದ ಮೇಲೆ ಲ್ಯಾಪ್‌ಟಾಪ್ ತೆರೆಯುವುದಕ್ಕೂ ಹೆದರಿಕೆ, ಹಳೆಯ ಸಹೋದ್ಯೋಗಿಗಳ ಕರೆ ಬಂದರೆ ಮೊಬೈಲ್ ಮಗುಚಿ ಇಡುವ ಅಭ್ಯಾಸ.

"ಬೈನರಿ ಟ್ರೀಯನ್ನು (ಮಾಹಿತಿಯನ್ನು ಕವಲುಕವಲಾಗಿ ಜೋಡಿಸಿಡುವ ರಚನೆ) ತಿರುವುಮುರುವು ಮಾಡಿ ಎಂದರು. ಕಾಲೇಜಿನಲ್ಲಿ ಕಲಿತದ್ದು, ಆಮೇಲೆ ಒಂದು ದಿನವೂ ಬೇಕಾಗಲಿಲ್ಲ. ಎದುರಿಗೆ ಒಬ್ಬರು ನೋಡುತ್ತಾ ಕುಳಿತಿದ್ದರು, ನನಗೆ ಏನೂ ಹೊಳೆಯಲಿಲ್ಲ. ಇಷ್ಟು ವರ್ಷ ನನಗೆ ಕೆಲಸ ಬರುತ್ತದೆ ಎಂದು ಎಲ್ಲರನ್ನೂ ನಂಬಿಸಿದ್ದೆನೇನೋ ಅನ್ನಿಸಿಬಿಟ್ಟಿತು."

ನಾನು ಹಿಡಿದುಕೊಂಡದ್ದು ಈ ಕೊನೆಯ ಮಾತನ್ನು. ಖಿನ್ನತೆಯ ಲಕ್ಷಣಗಳನ್ನೂ ಬದುಕು ಬೇಡವೆನ್ನುವ ಆಲೋಚನೆಗಳನ್ನೂ ಮೊದಲು ವಿಚಾರಿಸಿದೆ. ಅಂಥದ್ದೇನೂ ಇರಲಿಲ್ಲ. ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು ಎಂದು ಒಪ್ಪಿಸಿದೆ. ನಂತರ ಅವರ ಹಳೆಯ ಕೆಲಸದ ಒಂದು ಕಷ್ಟದ ವಾರವನ್ನು ವಿವರವಾಗಿ ಹೇಳಿ ಎಂದೆ.

ಮೊದಲು ತಡವರಿಸಿದರು, ಆಮೇಲೆ ಮಾತು ತಾನಾಗಿ ಹರಿಯಿತು. ಅವರ ತಂಡದ ಪಾವತಿ ವ್ಯವಸ್ಥೆಯಲ್ಲಿ ಕೆಲವು ಗ್ರಾಹಕರ ಹಣ ಎರಡು ಸಲ ಕಡಿತವಾಗುತ್ತಿತ್ತು. ಎಲ್ಲರಿಗೂ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ. ಅವರು ಲಾಗ್‌ಗಳನ್ನು, ಅಂದರೆ ವ್ಯವಸ್ಥೆ ತಾನಾಗಿ ಬರೆದಿಡುವ ದಾಖಲೆಗಳನ್ನು, ಸಾಲು ಸಾಲಾಗಿ ಓದಿದರು. ತಾವು ಬರೆಯದ, ಬರೆದವರು ಬಿಟ್ಟುಹೋಗಿದ್ದ ಕೋಡ್ ಓದಿದರು. ಇನ್ನೊಂದು ತಂಡದವರನ್ನು ಕೂರಿಸಿಕೊಂಡು ಕೇಳಿದರು. ನೆಟ್‌ವರ್ಕ್ ನಿಧಾನವಾದಾಗ ಉತ್ತರ ಬರಲಿಲ್ಲವೆಂದು ವ್ಯವಸ್ಥೆ ಅದೇ ವಿನಂತಿಯನ್ನು ಮತ್ತೆ ಕಳಿಸುತ್ತಿತ್ತು, ಮೊದಲನೆಯದು ಅಷ್ಟರಲ್ಲಿ ತಲುಪಿರುತ್ತಿತ್ತು. ಪ್ರತಿ ವಿನಂತಿಗೂ ಒಂದು ಪ್ರತ್ಯೇಕ ಗುರುತು ಕೊಟ್ಟು, ಅದೇ ಗುರುತು ಎರಡನೇ ಸಲ ಬಂದರೆ ಹಣ ಕಡಿತವಾಗದಂತೆ ಮಾಡಿದರು. ಬದಲಿಸಿದ ಸಾಲುಗಳು ಬೆರಳೆಣಿಕೆಯಷ್ಟು. ಇದನ್ನು ಹೇಳುವಾಗ ಅವರು ಮುಂದಕ್ಕೆ ಬಾಗಿ, ಕೈಯಾಡಿಸುತ್ತಾ ಮಾತನಾಡುತ್ತಿದ್ದರು.

"ಇದರಲ್ಲಿ ಯಾವುದನ್ನು ಸಂದರ್ಶನದಲ್ಲಿ ಕೇಳಿದರು?"

"ಯಾವುದನ್ನೂ ಇಲ್ಲ."

ಪ್ರೋಗ್ರಾಮರ್‌ಗಳ ದಿನದ ಬಹುಪಾಲು ಇನ್ನೊಬ್ಬರ ಕೋಡ್ ಓದುವುದರಲ್ಲಿ, ತಪ್ಪು ಹುಡುಕುವುದರಲ್ಲಿ, ಬೇಕಾದದ್ದೇನು ಎಂದು ಕೇಳಿ ತಿಳಿಯುವುದರಲ್ಲಿ ಹೋಗುತ್ತದೆ. ಸಂದರ್ಶನದಲ್ಲಿ ಹೆಚ್ಚಾಗಿ ಕೇಳುವುದು ಉತ್ತರ ಮೊದಲೇ ಗೊತ್ತಿರುವ ಚಿಕ್ಕ ಒಗಟನ್ನು. ಅದನ್ನು ಬಿಡಿಸುವಾಗ ನೆರವಿಗೆ ಪುಸ್ತಕವೂ ಇಲ್ಲ, ಜೊತೆಗಾರರೂ ಇಲ್ಲ. ಈ ಅಂತರ ನಿಜವಾದದ್ದು, ಅದರಿಂದ ಒಳ್ಳೆಯವರು ಹೊರಗುಳಿಯುತ್ತಾರೆ. ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಬೇರೆ ತಂತ್ರಾಂಶಗಳನ್ನು ಅಳವಡಿಸಲು ಪ್ರೋಗ್ರಾಮರ್‌ಗಳು ಬಳಸುವ ಹೋಮ್‌ಬ್ರೂ ತಂತ್ರಾಂಶವನ್ನು ರೂಪಿಸಿದ ಮ್ಯಾಕ್ಸ್ ಹೋವೆಲ್ ಇದೇ ಬೈನರಿ ಟ್ರೀ ಪ್ರಶ್ನೆಯಿಂದಾಗಿ ತಮ್ಮನ್ನು ಗೂಗಲ್ ತಿರಸ್ಕರಿಸಿತೆಂದು 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದರು. ಸ. ಅವರಿಗೆ ಈ ಕಥೆ ಗೊತ್ತಿತ್ತು, ಅದರಿಂದ ತುಸು ಸಮಾಧಾನವೂ ಇತ್ತು.

ಆದರೆ ಆ ಸಮಾಧಾನದಲ್ಲೇ ಅವರನ್ನು ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಸಂದರ್ಶನವೆಲ್ಲ ಬೊಗಳೆ ಎಂದು ನಾನು ತಲೆಯಾಡಿಸಿದ್ದರೆ ಅವರು ಹಗುರಾಗುತ್ತಿದ್ದರು, ಮುಂದಿನ ಸಂದರ್ಶನಕ್ಕೆ ಮಾತ್ರ ಅದೇ ಸ್ಥಿತಿಯಲ್ಲಿ ಹೋಗುತ್ತಿದ್ದರು. ನೂರಾರು ಅರ್ಜಿಗಳ ಮುಂದೆ ಕುಳಿತ ಕಂಪನಿಗೂ ಎಲ್ಲರಿಗೂ ಒಂದೇ ಅಳತೆಗೋಲು ಬೇಕು. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಂಕವಿಧಾನ ಇರುವ ಸಂದರ್ಶನ ಮುಂದಿನ ಕೆಲಸದ ಗುಣಮಟ್ಟವನ್ನು ಊಹಿಸುವ ಒಳ್ಳೆಯ ವಿಧಾನಗಳಲ್ಲೊಂದು ಎಂಬುದನ್ನು ಉದ್ಯೋಗ ಮನಶ್ಶಾಸ್ತ್ರದ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ತೊಂದರೆ ಇರುವುದು ಅಳೆಯುವುದರಲ್ಲಿ ಅಲ್ಲ, ಏನನ್ನು ಅಳೆಯುತ್ತಿದ್ದೇವೆ ಎಂಬುದರಲ್ಲಿ.

ನಾನು ಅವರ ಮುಂದಿಟ್ಟದ್ದು ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರ 2020ರ ಅಧ್ಯಯನವನ್ನು. 48 ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಸಂದರ್ಶಕರ ಎದುರು ಬೋರ್ಡಿನ ಮೇಲೆ ಬರೆಯುತ್ತಾ, ಬಾಯಿಬಿಟ್ಟು ವಿವರಿಸುತ್ತಾ ಸಮಸ್ಯೆ ಬಿಡಿಸಿದರು. ಉಳಿದವರು ಕೋಣೆಯಲ್ಲಿ ಒಬ್ಬರೇ ಇದ್ದು ಬಿಡಿಸಿದರು. ಎದುರಿಗೆ ಜನರಿದ್ದವರ ಸಾಧನೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮಾದರಿ ಚಿಕ್ಕದು ನಿಜ. ಆದರೂ ಸ. ಅವರು ಆ ಪುಟವನ್ನು ಎರಡು ಸಲ ಓದಿದರು. ಗೊತ್ತಿದ್ದದ್ದೂ ಯಾರೋ ನೋಡುತ್ತಿದ್ದಾಗ ಕೈಕೊಡುವುದು ತಮ್ಮೊಬ್ಬರ ದೋಷವಲ್ಲ ಎಂದು ಅವರು ನಂಬತೊಡಗಿದ್ದು ಅಲ್ಲಿಂದ.

ಸಲಹೆಯೂ ಅಲ್ಲಿಂದಲೇ ಹುಟ್ಟಿತು. ಅವರು ಹೆದರಿಕೆಯ ನಡುವೆಯೂ ರಾತ್ರಿಯಿಡೀ ಒಬ್ಬರೇ ಕುಳಿತು, ಸಂದರ್ಶನದ ಅಭ್ಯಾಸಕ್ಕೆಂದೇ ಇರುವ ಜಾಲತಾಣ ಲೀಟ್‌ಕೋಡ್‌ನ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಒಬ್ಬರೇ ಇದ್ದಾಗ ಅವು ಬರುತ್ತಲೂ ಇದ್ದವು. ಕೊರತೆ ಇದ್ದದ್ದು ನೋಡುವವರ ಎದುರು ಯೋಚಿಸುವ ಅಭ್ಯಾಸದಲ್ಲಿ. ಹಾಗಾಗಿ ರಾತ್ರಿಯ ಅಭ್ಯಾಸ ನಿಲ್ಲಿಸಿ, ಹಗಲಿನಲ್ಲಿ ಒಂದು ಗಂಟೆ, ನಂಬಿಕೆಯ ಗೆಳತಿಯೊಬ್ಬರ ಎದುರು ತೀರಾ ಸುಲಭದ ಸಮಸ್ಯೆಗಳಿಂದ ಆರಂಭಿಸಿ ಎಂದೆ. ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು, ಒಂದು ಚಿಕ್ಕ ಉದಾಹರಣೆಯನ್ನು ಕೈಯಲ್ಲಿ ಬರೆಯುವುದು, ಸಿಕ್ಕಿಕೊಂಡರೆ ಎಲ್ಲಿ ಎಂದು ಬಾಯಿಬಿಟ್ಟು ಹೇಳುವುದು, ಇವಿಷ್ಟು ರೂಢಿಯಾಗಬೇಕು. ಸಂದರ್ಶನಕ್ಕೆ ಮುಂಚೆ 10 ನಿಮಿಷ ತಮ್ಮ ಭಯಗಳನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ಪರೀಕ್ಷೆಗೆ ಮೊದಲು ಹೀಗೆ ಬರೆದ, ಆತಂಕ ಹೆಚ್ಚಿದ್ದ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದುದನ್ನು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ವರದಿ ಮಾಡಿದೆ.

ಸಂದರ್ಶನ ಯಾವ ರೀತಿಯದು ಎಂದು ಮುಂಚಿತವಾಗಿ ಕೇಳುವುದಕ್ಕೆ ಅವರಿಗೆ ಸಂಕೋಚ. ಕೇಳುವುದು ಅಭ್ಯರ್ಥಿಯ ಹಕ್ಕು ಎಂದು ಒತ್ತಿ ಹೇಳಬೇಕಾಯಿತು. ಇರುವ ಕೋಡನ್ನು ಓದಿಸಿ ತಪ್ಪು ಹುಡುಕಿಸುವ ಕಂಪನಿಗಳಿವೆ, ಮನೆಯಲ್ಲಿ ಮಾಡಿ ತರಲು ಕೆಲಸ ಕೊಡುವವರೂ ಇದ್ದಾರೆ. ಎರಡನೆಯದರಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಮೊದಲೇ ಖಚಿತಪಡಿಸಿಕೊಳ್ಳದಿದ್ದರೆ ಸಂಬಳವಿಲ್ಲದ ವಾರಾಂತ್ಯಗಳು ಕಳೆದುಹೋಗುತ್ತವೆ.

ಮುಂದಿನ ಕಡೆ ಅವರು ಕೇಳಿಯೇ ಬಿಟ್ಟರು. ಒಂದು ಸುತ್ತನ್ನು ಕೋಡ್ ಓದುವ ಸುತ್ತಾಗಿ ಬದಲಿಸಲು ಆ ಕಂಪನಿ ಒಪ್ಪಿತು. ಅದರಲ್ಲಿ ಮುಂದೆ ಹೋದರು, ಒಗಟಿನ ಸುತ್ತಿನಲ್ಲಿ ಮತ್ತೆ ತಿರಸ್ಕೃತರಾದರು. ಈ ಸಲ ಮಾರನೆಯ ದಿನವೇ ಇನ್ನೆರಡು ಅರ್ಜಿ ಹಾಕಿದರು.

ಅವರ ಒಪ್ಪಿಗೆಯ ಮೇಲೆ ಪತಿಯೊಂದಿಗೂ ಒಮ್ಮೆ ಮಾತನಾಡಿದೆ. "ಇನ್ನಷ್ಟು ಓದಿದರೆ ಆಗುತ್ತದೆ ಎಂದು ಧೈರ್ಯ ಹೇಳುತ್ತಿದ್ದೇನೆ" ಎಂದರು ಅವರು. ಆ ಮಾತು ಸ. ಅವರ ಕಿವಿಗೆ 'ನಿನಗೆ ಬರುವುದಿಲ್ಲ' ಎಂದೇ ಬೀಳುತ್ತಿತ್ತು. ಸಂದರ್ಶನದ ದಿನ ಸಂಜೆ ಫಲಿತಾಂಶ ಕೇಳಬೇಡಿ, ಅವರಾಗಿಯೇ ಹೇಳುವವರೆಗೆ ಕಾಯಿರಿ ಎಂದು ಪತಿಗೆ ಹೇಳಿ ಕಳಿಸಿದೆ.